ಎರಡು ದಿನದ ಜ್ವರಕ್ಕೆ ಲೆಕ್ಕವಿಲ್ಲ

ಕಾಯಿಲೆ ಬಿದ್ದ ಕಾರ್ಮಿಕರ ಕೂಲಿ ಯಾರು ಕೊಡಬೇಕು ಎಂಬ ಪ್ರಶ್ನೆಗೆ ನಮ್ಮ ದೇಶ 1948ರಲ್ಲೇ ಒಂದು ಉತ್ತರ ಕಂಡುಕೊಂಡಿತ್ತು. ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ಬಿ.ಪಿ. ಅಡಾರ್ಕರ್ 1944ರಲ್ಲಿ ಕೊಟ್ಟ ವರದಿಯ ಬೆನ್ನಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆ ಬಂತು. 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಶುರುವಾಯಿತು. ಆ ಉತ್ತರ ದೊಡ್ಡ ಕಾಯಿಲೆಗೆ ಒದಗುತ್ತದೆ, ಸಣ್ಣ ಜ್ವರಕ್ಕೆ ಕೈಕೊಡುತ್ತದೆ. ಬೆಂಗಳೂರಿನ ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳನ್ನು ಕೇಳಿದರೆ ಇದು ಗೊತ್ತಾಗುತ್ತದೆ.

ಯೋಜನೆಯ ಹೆಚ್ಚುಗಾರಿಕೆಯನ್ನು ಮೊದಲು ಒಪ್ಪಬೇಕು. 2019ರ ಜುಲೈಯಿಂದ ಕಾರ್ಮಿಕರ ಸಂಬಳದಿಂದ ಕಡಿತವಾಗುವುದು ಶೇ. 0.75 ಮಾತ್ರ, ಮಾಲೀಕರು ಕಟ್ಟುವುದು ಶೇ. 3.25. ಇಷ್ಟಕ್ಕೆ ಮನೆಮಂದಿಗೆಲ್ಲ ಚಿಕಿತ್ಸೆ, ಜೊತೆಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70ರಷ್ಟು ಕಾಯಿಲೆ ಭತ್ಯೆ. ಕ್ಷಯ, ಕ್ಯಾನ್ಸರ್‌ನಂಥ ರೋಗಗಳಿಗೆ ಭತ್ಯೆ ಶೇ. 80ಕ್ಕೆ ಏರುತ್ತದೆ, ಅವಧಿಯೂ ಹಿಗ್ಗುತ್ತದೆ. ಭತ್ಯೆ ಪಡೆಯುತ್ತಿರುವಾಗ ಕೆಲಸದಿಂದ ತೆಗೆಯುವಂತಿಲ್ಲ ಎಂಬ ರಕ್ಷಣೆಯೂ ಇದೆ. ಆಪರೇಷನ್ ಆಗಿ ತಿಂಗಳುಗಟ್ಟಲೆ ಮಲಗುವವರಿಗೆ ಇದು ನಿಜಕ್ಕೂ ಆಸರೆ.

ತೊಡಕಿರುವುದು ಒಂದು ಸಣ್ಣ ಷರತ್ತಿನಲ್ಲಿ: ಕಾಯಿಲೆಯ ಮೊದಲ ಎರಡು ದಿನಕ್ಕೆ ಭತ್ಯೆಯಿಲ್ಲ. ಹಿಂದಿನ ಕಾಯಿಲೆ ಮುಗಿದು 15 ದಿನದೊಳಗೆ ಮತ್ತೆ ಮಲಗಿದರಷ್ಟೇ ಈ ಷರತ್ತಿಗೆ ವಿನಾಯಿತಿ. ದಿನಕ್ಕೆ 500 ರೂಪಾಯಿ ದುಡಿಯುವ ಟೈಲರ್ ಒಬ್ಬಾಕೆಗೆ ಮೂರು ದಿನ ಜ್ವರ ಬಂತೆನ್ನಿ. ಹೋಗುವ ಕೂಲಿ 1,500. ಕೈಗೆ ಬರುವುದು ಮೂರನೆಯ ದಿನದ 350. ಎರಡೇ ದಿನಕ್ಕೆ ಜ್ವರ ಬಿಟ್ಟರೆ ಸೊನ್ನೆ. ಆ 350ಕ್ಕೂ ಡಿಸ್ಪೆನ್ಸರಿಯಲ್ಲಿ ಕಾದು ಸರ್ಟಿಫಿಕೇಟ್ ಬರೆಸಬೇಕು. ಇದರ ಮೇಲೆ ಎಷ್ಟೋ ಕಡೆ ಅಟೆಂಡೆನ್ಸ್ ಬೋನಸ್ ಬೇರೆ. ಒಂದು ದಿನ ತಪ್ಪಿದರೂ ಅದಕ್ಕೆ ಕತ್ತರಿ. ಹಾಗಾಗಿ ಆಕೆ ಮಾತ್ರೆ ನುಂಗಿ ಮೆಷಿನ್ ಮುಂದೆ ಕೂರುತ್ತಾಳೆ. ತಲೆ ಸುತ್ತಿ ಸೂಜಿ ಬೆರಳಿಗೆ ಇಳಿದು ಮೂರು ದಿನ ಕೆಲಸ ತಪ್ಪಿತೋ, ಆಗ ಅದು ಕೆಲಸದ ಗಾಯ, ಭತ್ಯೆ ಶೇ. 90. ಗಾಯಕ್ಕೆ ಕೊಡುವ ದುಡ್ಡಿನಲ್ಲಿ ಸ್ವಲ್ಪವನ್ನು ಮೊದಲೇ ಜ್ವರಕ್ಕೆ ಕೊಟ್ಟಿದ್ದರೆ ಬೆರಳೂ ಉಳಿಯುತ್ತಿತ್ತು.

ಕಾರ್ಖಾನೆ ಕಾನೂನಾದರೂ ಈ ಕೊರತೆ ತುಂಬುತ್ತದೆಯೇ? ಇಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಇದ್ದದ್ದು 240 ದಿನ ದುಡಿದವರಿಗೆ 20 ದಿನಕ್ಕೊಂದರಂತೆ ಗಳಿಕೆ ರಜೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ 240ನ್ನು 180ಕ್ಕೆ ಇಳಿಸಿತು, ಒಳ್ಳೆಯದೇ. ಕಾರ್ಖಾನೆಯವರಿಗೆ ಕಾಯಿಲೆ ರಜೆ ಎಂಬ ಬೇರೆ ಹಕ್ಕನ್ನು ಮಾತ್ರ ಸೇರಿಸಲಿಲ್ಲ. ಅದೇ ಬೆಂಗಳೂರಿನ ಅಂಗಡಿ, ಐಟಿ ಕಂಪನಿಗಳಿಗೆ ಅನ್ವಯವಾಗುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನೋಡಿ: ಕಾಯಿಲೆ, ಅಪಘಾತ ಅಥವಾ ಬೇರೆ ನ್ಯಾಯವಾದ ಕಾರಣಕ್ಕೆ ಮೊದಲ ವರ್ಷದಿಂದಲೇ 12 ದಿನ ಸಂಬಳ ಸಹಿತ ರಜೆ. ಕಂಪ್ಯೂಟರ್ ಮುಂದೆ ಕೂತವರ ಜ್ವರಕ್ಕೆ ಇರುವ ಬೆಲೆ ಹೊಲಿಗೆ ಮೆಷಿನ್ ಮುಂದೆ ಕೂತವರ ಜ್ವರಕ್ಕಿಲ್ಲ.

ಕಿರುಕುಳ, ಹಿಂಸೆಗೆ ಸಿಕ್ಕವರಿಗೆ ಬೇಕಾದ ಸುರಕ್ಷತೆಯ ರಜೆಯ ಕಥೆ ಇನ್ನೂ ತೆಳು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಡಿ ವಿಚಾರಣೆಯ ಅವಧಿಯಲ್ಲಿ ಮೂರು ತಿಂಗಳವರೆಗೆ ರಜೆಗೆ ದೂರು ಸಮಿತಿ ಶಿಫಾರಸು ಮಾಡಬಹುದು. ಮನೆಯಲ್ಲಿ ಹೊಡೆತ ತಿಂದವಳಿಗೆ? 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ರಕ್ಷಣಾ ಆದೇಶ ಕೊಡಿಸುತ್ತದೆ, ಆದರೆ ಕೋರ್ಟಿಗೆ ಅಲೆಯುವ ದಿನಕ್ಕೆ ಸಂಬಳ ಸಹಿತ ರಜೆಯ ಮಾತೆತ್ತುವುದಿಲ್ಲ. ನ್ಯೂಯಾರ್ಕ್ ನಗರ ತನ್ನ ಕಾಯಿಲೆ ರಜೆ ಕಾನೂನಿಗೆ 2018ರಲ್ಲಿ ಸುರಕ್ಷತೆಯ ರಜೆಯನ್ನೂ ಸೇರಿಸಿತು. ಅಲ್ಲಿ 30 ಗಂಟೆ ದುಡಿದರೆ ಒಂದು ಗಂಟೆ ರಜೆ ಜಮೆ; ಅದನ್ನು ಆಸ್ಪತ್ರೆಗೂ ಬಳಸಬಹುದು, ಹಿಂಸೆಯಿಂದ ತಪ್ಪಿಸಿಕೊಂಡು ಪೊಲೀಸ್ ಠಾಣೆಗೆ ಹೋಗಲೂ ಮನೆ ಬದಲಿಸಲೂ ಬಳಸಬಹುದು. ಸತತ ಮೂರು ಕೆಲಸದ ದಿನ ಮೀರಿದ ಗೈರಿಗಷ್ಟೇ ಮಾಲೀಕರು ದಾಖಲೆ ಕೇಳಬಹುದು.

ಹೀಗೆ ನಂಬಿ ರಜೆ ಕೊಟ್ಟರೆ ದುರುಪಯೋಗವಾಗುತ್ತದೆ, ಒಬ್ಬಳು ಬಾರದಿದ್ದರೆ ಇಡೀ ಲೈನ್ ಕೆಡುತ್ತದೆ ಎಂಬುದು ಮಾಲೀಕರ ವಾದ. ಲೈನ್ ಕೆಡುವುದು ನಿಜ. ಆದರೆ ಬದಲಿ ಟೈಲರ್‌ಗಳನ್ನು ಇಟ್ಟುಕೊಳ್ಳುವುದು ಉತ್ಪಾದನೆಯ ಖರ್ಚು. ಅದನ್ನು ಜ್ವರ ಬಂದವಳ ಕೂಲಿಯಿಂದ ವಸೂಲು ಮಾಡುವುದು ಸರಿಯಲ್ಲ. ನಂಬಿಕೆಯ ಪ್ರಶ್ನೆಗೆ ಕರ್ನಾಟಕವೇ ಒಂದು ಉತ್ತರ ಕೊಟ್ಟಿದೆ. 2025ರ ನವೆಂಬರ್‌ನ ಮುಟ್ಟಿನ ರಜೆ ಆದೇಶ ಕಾರ್ಖಾನೆಗಳನ್ನೂ ಸೇರಿಸಿಕೊಂಡು ತಿಂಗಳಿಗೊಂದು ಸಂಬಳ ಸಹಿತ ರಜೆ ಘೋಷಿಸಿತು, ವೈದ್ಯರ ಚೀಟಿ ಬೇಡ ಎಂದಿತು. ಅದಕ್ಕೆ ಕೋರ್ಟಿನಲ್ಲಿ ತಕರಾರೂ ಎದ್ದಿತು. ಆದರೂ ಮುಟ್ಟಿನ ನೋವಿಗೆ ಹೆಣ್ಣಿನ ಮಾತೇ ಸಾಕಾದರೆ, ಆಕೆಯ ಜ್ವರಕ್ಕೆ ಏಕೆ ಎರಡು ದಿನ ಕಾಯಿಸಬೇಕು?

ಇಎಸ್‌ಐ ಕೆಟ್ಟ ಯೋಜನೆಯಲ್ಲ, ಅರ್ಧಕ್ಕೆ ನಿಂತ ಯೋಜನೆ. ಎರಡು ದಿನದ ಷರತ್ತು ಹೋಗಬೇಕು, ಹಕ್ಕಿನ ರಜೆಗೆ ಅಟೆಂಡೆನ್ಸ್ ಬೋನಸ್ ಕಡಿಯಬಾರದು, ಠಾಣೆ–ಕೋರ್ಟಿನ ದಿನವೂ ರಜೆಯ ಲೆಕ್ಕಕ್ಕೆ ಬರಬೇಕು. ಉಳಿದಂತೆ, 1961ರಲ್ಲೇ ಅಂಗಡಿಯ ಗುಮಾಸ್ತನಿಗೆ ಕೊಟ್ಟ 12 ದಿನವನ್ನು ಗಾರ್ಮೆಂಟ್ಸ್ ಟೈಲರ್‌ಗೂ ಕೊಡಲು ಸರ್ಕಾರ ಯಾವ ಹೊಸ ಸಮಿತಿಯನ್ನೂ ಕೂರಿಸಬೇಕಾಗಿಲ್ಲ.