ವಾದಕಥೆಯೂ ಮನಶ್ಶಾಸ್ತ್ರದ ಪಾಠವೂ

ಮನಶ್ಶಾಸ್ತ್ರವು ವಿಶ್ವವಿದ್ಯಾನಿಲಯದ ಪಾಠವಾಗಿ ಕನ್ನಡನಾಡಿಗೆ ಬಂದು ನೂರು ವರ್ಷಗಳು ಸಂದಿವೆ. 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಅದರ ವಿಭಾಗವನ್ನು ಸ್ಥಾಪಿಸಿದರು. ಇಂದು ಮಣಿಪಾಲದಲ್ಲಿಯೂ ಅದರ ಅಧ್ಯಯನವು ನಡೆಯುತ್ತಿದೆ. ಈ ಶಾಸ್ತ್ರದ ಪರಿಭಾಷೆಗಳನ್ನು ತರಗತಿಯಲ್ಲಿ ವಾಙ್ಮುಖವಾಗಿ ಚರ್ಚಿಸುವ ಅಭ್ಯಾಸವು ಹೇಗಿರತಕ್ಕದ್ದೆಂಬುದು ಪ್ರಕೃತ ವಿಚಾರ.

ಕಾಪು, ಕಾರ್ಕಳದ ಕಡೆಯ ವಿದ್ಯಾರ್ಥಿಗೆ ಮನೆಯ ಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರುವುದುಂಟು; ಊರಿನ ಬರವಣಿಗೆಯ ಮಾತು ಕನ್ನಡ; ಶಾಸ್ತ್ರಗ್ರಂಥದ ಮಾತು ಇಂಗ್ಲಿಷ್. ಹೀಗಿರಲಾಗಿ ಲಕ್ಷಣವಾಕ್ಯವನ್ನು ಕಂಠಸ್ಥ ಮಾಡಿ ಒಪ್ಪಿಸುವುದೇ ಚರ್ಚೆಯೆನಿಸಿಕೊಳ್ಳುವ ಅಪಾಯವಿದೆ. ಒಪ್ಪಿಸಿದವನಿಗೆ ಪದವು ವಶವಾಗಿರಬಹುದು. ಪದಾರ್ಥವು ವಶವಾಗಿದೆಯೆಂಬುದಕ್ಕೆ ಅದು ಪ್ರಮಾಣವಾಗದು.

ಉಡುಪಿಗೆ ಸಮೀಪದ ಪಾಜಕದಲ್ಲಿ ಜನಿಸಿದ ಮಧ್ವಾಚಾರ್ಯರು ಚರ್ಚೆಯ ನಿಯಮಗಳಿಗಾಗಿಯೇ ‘ಕಥಾಲಕ್ಷಣ’ವೆಂಬ ಕಿರುಗ್ರಂಥವನ್ನು ರಚಿಸಿದ್ದಾರೆ. ಅದರಲ್ಲಿ ಕಥೆಯು ವಾದ, ಜಲ್ಪ, ವಿತಂಡಾ ಎಂದು ಮೂರು ವಿಧ. ತತ್ತ್ವನಿರ್ಣಯವೇ ವಾದದ ಫಲ. ಖ್ಯಾತಿಗಾಗಿಯೋ ಸ್ಪರ್ಧೆಯಿಂದಲೋ ನಡೆಯುವುದು ಜಲ್ಪ. ನಿರ್ಣಯ ಹೇಳುವ ಪ್ರಾಶ್ನಿಕನು ರಾಗದ್ವೇಷರಹಿತನೂ ಬಹುಶಾಸ್ತ್ರಜ್ಞನೂ ಆಗಿರಬೇಕು. ತರಗತಿಯಲ್ಲಿ ಈ ಸ್ಥಾನವು ಅಧ್ಯಾಪಕನದು. ಇದರೊಡನೆ ವಾಕ್ಯಾರ್ಥಸಭೆಗಳ ಇನ್ನೊಂದು ರೂಢಿಯೂ ಸ್ಮರಣೀಯ: ಎದುರಾಳಿಯ ಮಾತನ್ನು ಮೊದಲು ಅನುವಾದಮಾಡಿ, ಅನಂತರವೇ ಅದನ್ನು ಖಂಡಿಸತಕ್ಕದ್ದು.

ಈ ರೂಢಿಯ ಬೆಲೆಯು ಉದಾಹರಣೆಯಿಂದ ಸ್ಪಷ್ಟವಾಗುವುದು. ಸ್ಮೃತಿಯನ್ನು ನೈಯಾಯಿಕರು ಪ್ರಮೆಯೆಂದು ಒಪ್ಪುವುದಿಲ್ಲ. ಮಾಧ್ವರಾದರೋ ಯಥಾರ್ಥವಾದ ಸ್ಮೃತಿಯನ್ನು ಪ್ರಮಾಣಕೋಟಿಗೆ ಸೇರಿಸುತ್ತಾರೆ. ಕೇಂಬ್ರಿಜ್ಜಿನ ಬಾರ್ಟ್‌ಲೆಟ್ಟನು 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೊಂದು ಸಂಗತಿಯಿದೆ. ಅಪರಿಚಿತ ಜನಾಂಗದ ಕಥೆಯೊಂದನ್ನು ಓದಿದವರು ಅದನ್ನು ಮರಳಿ ಮರಳಿ ಹೇಳುವಾಗ, ತಮಗೆ ಹೊಂದದ ಅಂಶಗಳನ್ನು ಬಿಟ್ಟು ಉಳಿದುವನ್ನು ಪರಿಚಿತ ರೀತಿಗೆ ತಿದ್ದಿಕೊಂಡರು. ಈಗ ಒಬ್ಬ ವಿದ್ಯಾರ್ಥಿಯು ‘ಸ್ಮೃತಿಯು ಪ್ರಮಾಣ’ವೆಂದೂ ಮತ್ತೊಬ್ಬನು ‘ಸ್ಮೃತಿಯು ಕಲ್ಪನೆ’ಯೆಂದೂ ಹಟ ಹಿಡಿದರೆ ಅದು ಜಲ್ಪವೇ ಸರಿ. ಅನುವಾದದ ನಿಯಮವಿದ್ದರೆ ಮೊದಲನೆಯವನು ಯಥಾರ್ಥವಾದ ಸ್ಮೃತಿಯನ್ನು ಕುರಿತೂ ಎರಡನೆಯವನು ಸ್ಮರಣವು ನಡೆಯುವ ಕ್ರಮವನ್ನು ಕುರಿತೂ ಮಾತನಾಡುತ್ತಿದ್ದಾನೆಂಬುದು ಕೂಡಲೇ ಹೊರಬೀಳುವುದು. ಆಗ ಉಳಿಯುವ ನಿಜವಾದ ಪ್ರಶ್ನೆಯಾವುದೆಂದರೆ: ತನ್ನ ಸ್ಮೃತಿಯು ಯಥಾರ್ಥವೆಂದು ಸ್ಮರಿಸುವವನು ತಿಳಿಯುವುದು ಹೇಗೆ? ಪುಸ್ತಕವನ್ನು ಒಬ್ಬನೇ ಓದುವವನು ಈ ಪ್ರಶ್ನೆಯ ಬಳಿಗೆ ಬರುವುದು ವಿರಳ.

ಶಾಸ್ತ್ರಚರ್ಚೆಯು ಶಬ್ದಪ್ರಧಾನ, ಆಧುನಿಕ ಮನಶ್ಶಾಸ್ತ್ರವು ಪ್ರಯೋಗಪ್ರಧಾನ. ಆದುದರಿಂದ ಹಳೆಯ ಪದ್ಧತಿಯು ಇಲ್ಲಿಗೆ ಸಲ್ಲದೆಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಎಬ್ಬಿಂಗ್‌ಹೌಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಲಿತು, ಮರೆವಿನ ಗತಿಯನ್ನು ಅಳೆದು 1885ರಲ್ಲಿ ಪ್ರಕಟಿಸಿದನು. ಆ ಅಳತೆಯನ್ನು ತರ್ಕಮಾತ್ರದಿಂದ ತಳ್ಳಿಹಾಕಲಾಗದು. ಆದರೆ ಅಳೆದದ್ದು ಏನನ್ನು ಎಂಬುದನ್ನು ಲಕ್ಷಣವಿಚಾರವಿಲ್ಲದೆ ಹೇಳಲೂ ಆಗದು. ‘ಮೆಮೊರಿ’ ಎಂಬ ಒಂದೇ ಪದದಲ್ಲಿ ಗ್ರಹಣ, ಧಾರಣ, ಸ್ಮರಣಗಳು ಮೂರೂ ಅಡಗಿವೆ. ಅನುಭವ, ಸಂಸ್ಕಾರ, ಸ್ಮೃತಿಗಳೆಂದು ನ್ಯಾಯಶಾಸ್ತ್ರವು ಬಿಡಿಸಿದುದೂ ಇದಕ್ಕೆ ಸಮೀಪವಾಗಿದೆ. ಪದ್ಧತಿಯು ಹಳೆಯದಿರಲಿ, ದೃಷ್ಟಾಂತವು ಪ್ರಯೋಗದಿಂದ ಬರಲಿ ಎಂಬುದೇ ಸಮಾಧಾನ.

ಈ ಸೀಮೆಗೆ ವಾಕ್‌ಶಕ್ತಿಯ ದಾರಿದ್ರ್ಯವಿಲ್ಲ. ತಾಳಮದ್ದಳೆಯ ಅರ್ಥಧಾರಿಯು ಲಿಖಿತ ಪಾಠವಿಲ್ಲದೆ ಗಂಟೆಗಟ್ಟಲೆ ವಾದಿಸಬಲ್ಲನು. ಆದರೆ ಅಲ್ಲಿ ಗೆಲ್ಲುವವನು ಯಾರೆಂಬುದನ್ನು ಪ್ರಸಂಗವು ಮೊದಲೇ ನಿಶ್ಚಯಿಸಿರುತ್ತದೆ, ತರಗತಿಯಲ್ಲಿ ಹಾಗಾಗಕೂಡದು. ಅಲ್ಲಿಂದ ಮಾತಿನ ಧೈರ್ಯವನ್ನೂ ವಾಕ್ಯಾರ್ಥದಿಂದ ಅನುವಾದದ ನಿಯಮವನ್ನೂ ಪಡೆಯಬಹುದು. ವಿದ್ಯಾರ್ಥಿಯು ಪ್ರತಿಯೊಂದು ಪರಿಭಾಷೆಯನ್ನೂ ಮೊದಲು ತನ್ನ ಮನೆಮಾತಿನಲ್ಲಿ ವಿವರಿಸಿ, ಬಳಿಕ ಇಂಗ್ಲಿಷಿನಲ್ಲಿ ಹೇಳುವುದು ಯುಕ್ತ. ತುಳುವಿನ ‘ನೆಂಪು’ವಿನಲ್ಲಿ ಹೇಳಲಾಗದುದನ್ನು ‘ಮೆಮೊರಿ’ಯಲ್ಲಿ ಹೇಳಿದೆನೆಂದುಕೊಂಡರೆ, ಅಲ್ಲಿ ಅರ್ಥವು ಇನ್ನೂ ಉದಯಿಸಿಲ್ಲವೆಂದೇ ತಿಳಿಯತಕ್ಕದ್ದು.