ಖಾಲಿ ಜಾಗಕ್ಕೆ ಕೊಡುವ ದುಡ್ಡು

ಉತ್ತರ ಟೆಕ್ಸಸ್‌ನ ಡೆಂಟನ್ ಕೌಂಟಿಯಲ್ಲಿ, ಪೈಲಟ್ ಪಾಯಿಂಟ್, ಆಬ್ರಿ ಊರುಗಳ ಸುತ್ತಮುತ್ತ, ಶನಿವಾರ ಬೆಳಿಗ್ಗೆ ರಸ್ತೆಗಿಳಿದರೆ ಸಾಲಾಗಿ ಕುದುರೆ ಟ್ರೇಲರುಗಳು ಎದುರಾಗುತ್ತವೆ. ಹಾಸಿಗೆ, ಒಲೆ, ಶವರ್ ಎಲ್ಲ ಇರುವ, ಮನೆಯೊಂದರ ಬೆಲೆ ಬಾಳುವ ಟ್ರೇಲರುಗಳೂ ಅವುಗಳಲ್ಲಿವೆ. ಅವುಗಳ ಹಿಂದೆ ಧೂಳು ಮೆತ್ತಿಕೊಂಡು ಬರುವ ಸಾದಾ ಗಾಡಿಯೊಂದಿದೆ, ಸ್ಟಾಕ್ ಕಾಂಬೊ. ಈ ವಾರ ಅದರ ಪರವಾಗಿ ಬರೆಯುತ್ತಿದ್ದೇನೆ. ಡಲ್ಲಾಸ್ ಆಸುಪಾಸಿನಲ್ಲಿ ಐದಾರು ಎಕರೆ ಕೊಂಡು ಒಂದೆರಡು ಕುದುರೆ ಕಟ್ಟಿಕೊಂಡಿರುವ ಕನ್ನಡಿಗ ಗೆಳೆಯರು ‘ಯಾವ ಟ್ರೇಲರ್ ತಗೊಳ್ಳೋಣ’ ಎಂದು ಕೇಳುವುದುಂಟು. ಅವರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ.

ಸ್ಟಾಕ್ ಟ್ರೇಲರ್ ಎಂದರೆ ದನ ಸಾಗಿಸುವ ಗಾಡಿ. ಪಕ್ಕದ ಗೋಡೆಯ ಕೆಳಭಾಗ ಗಟ್ಟಿ ತಗಡು, ಮೇಲ್ಭಾಗದಲ್ಲಿ ಗಾಳಿಯಾಡಲು ಉದ್ದುದ್ದ ಸಂದುಗಳು, ಒಳಗೆ ನಡುವೆ ಒಂದು ಗೇಟು. ಇದರ ಮೂತಿಗೆ ಜೀನು, ಲಗಾಮು, ಹೊದಿಕೆ ಇಡಲು ಬೀಗ ಹಾಕುವ ಕೋಣೆಯೊಂದನ್ನು ಸೇರಿಸಿ, ಚಾವಣಿ ಎತ್ತರಿಸಿ, ಒಳಗೋಡೆಗೆ ರಬ್ಬರು ಹೊದಿಸಿದರೆ ಅದೇ ಕಾಂಬೊ. ಸೋಮವಾರ ಕರುಗಳನ್ನು ಸಂತೆಗೆ ಒಯ್ಯುವ ಗಾಡಿಯೇ ಶನಿವಾರ ಕುದುರೆಗಳನ್ನು ಹಗ್ಗ ಬೀಸಿ ದನ ಹಿಡಿಯುವ ರೋಪಿಂಗ್ ಆಟಕ್ಕೆ ಒಯ್ಯುತ್ತದೆ. ರ‍್ಯಾಂಚಿನವರಿಗೆ ಇದು ದುಡ್ಡಿನ ಲೆಕ್ಕ. ನನಗೆ ಇದು ಇಷ್ಟವಾಗುವುದು ಬೇರೆ ಕಾರಣಕ್ಕೆ: ಕುದುರೆಗೆ ಇದರೊಳಗೆ ತನಗೆ ಬೇಕಾದ ಹಾಗೆ ನಿಲ್ಲಲು ಜಾಗವಿದೆ.

ಪೇಟೆಯಲ್ಲಿ ಹೆಚ್ಚು ಬಿಕರಿಯಾಗುವುದು ಸ್ಲಾಂಟ್ ಲೋಡ್. ಅದರಲ್ಲಿ ಪ್ರತಿ ಕುದುರೆಗೂ ಓರೆಯಾದ ಒಂದು ಗೂಡು, ಎರಡೂ ಕಡೆ ಅಡ್ಡಗೋಡೆ. ಕಾಗದದ ಮೇಲೆ ನೋಡಲು ಅಚ್ಚುಕಟ್ಟು. ಆದರೆ ಓಡುವ ಗಾಡಿಯಲ್ಲಿ ಕುದುರೆ ಸುಮ್ಮನೆ ನಿಂತಿರುವುದಿಲ್ಲ. ಪ್ರತಿ ಬ್ರೇಕಿಗೂ ಪ್ರತಿ ತಿರುವಿಗೂ ಕಾಲು ಅಗಲಿಸಿ, ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ದಾಟಿಸುತ್ತ ತೂಕ ಕಾಯ್ದುಕೊಳ್ಳುತ್ತಲೇ ಇರಬೇಕು. ನೆಲದವರೆಗೂ ಇಳಿದ ಅಡ್ಡಗೋಡೆ ಆ ಕಾಲು ಅಗಲಿಸುವುದನ್ನೇ ತಡೆಯುತ್ತದೆ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು ಕುದುರೆಗಳನ್ನು ಕಟ್ಟದೆ ಬಿಟ್ಟು ಸಾಗಿಸಿ ನೋಡಿದಾಗ, ಎಲ್ಲವೂ ಒಂದೇ ದಿಕ್ಕನ್ನು ಆರಿಸಿಕೊಳ್ಳಲಿಲ್ಲ. ಒಂದೊಂದು ಕುದುರೆಯದು ಒಂದೊಂದು ಹಟ. ಹಾಗಿದ್ದ ಮೇಲೆ ಎಲ್ಲಕ್ಕೂ ಒಂದೇ ಓರೆಯನ್ನು ನಾವೇಕೆ ನಿಗದಿ ಮಾಡಬೇಕು?

ಎರಡನೆಯ ಮಾತು ತಲೆಯದು. ಬಯಲಲ್ಲಿ ಮೇಯುವ ಕುದುರೆ ದಿನದ ಹೆಚ್ಚಿನ ಹೊತ್ತು ತಲೆ ತಗ್ಗಿಸಿಯೇ ಇರುತ್ತದೆ. ಶ್ವಾಸನಾಳದಲ್ಲಿ ಸೇರಿದ ಧೂಳು, ಲೋಳೆ ಕೆಳಗಿಳಿದು ಹೊರಬರುವುದು ಹಾಗೆ. ತಲೆಯನ್ನು ಎತ್ತರಕ್ಕೆ ಬಿಗಿದು ಕಟ್ಟಿದರೆ ಆ ದಾರಿ ಮುಚ್ಚಿತು. 1990ರ ಸುಮಾರಿಗೆ ಆಸ್ಟ್ರೇಲಿಯಾದ ಸಂಶೋಧಕರು ಆರೋಗ್ಯವಾಗಿದ್ದ ಕುದುರೆಗಳನ್ನು ಎಲ್ಲಿಗೂ ಸಾಗಿಸದೆ, ನಿಂತಲ್ಲೇ ತಲೆ ಎತ್ತಿ ಕಟ್ಟಿ ಪರೀಕ್ಷಿಸಿದರು. ಆರರಿಂದ ಹನ್ನೆರಡು ಗಂಟೆಯೊಳಗೆ ಶ್ವಾಸನಾಳದ ಕೆಳಭಾಗದಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದ್ದವು. ದೂರ ಪ್ರಯಾಣದ ಮರುದಿನ ಬರುವ ‘ಶಿಪ್ಪಿಂಗ್ ಫೀವರ್’ ಎಂಬ ಪುಪ್ಪುಸದ ಕಾಯಿಲೆಯ ಬೇರು ಇಲ್ಲಿದೆ. ಕಾಂಬೊದ ವಿಶಾಲವಾದ ಒಳಜಾಗದಲ್ಲಿ ಕುದುರೆ ತಲೆ ತಗ್ಗಿಸಿ ಒಮ್ಮೆ ಚೆನ್ನಾಗಿ ಸೀನಬಲ್ಲದು. ಆ ಒಂದು ಸೀನಿಗೆ ನಾನು ಶವರ್, ಒಲೆ ಎರಡನ್ನೂ ಬಿಟ್ಟುಕೊಡಲು ಸಿದ್ಧ.

ಆದ್ದರಿಂದ ಕಾಂಬೊ ಆರಿಸುವಾಗ ಮೊದಲು ನೋಡಬೇಕಾದದ್ದು ಎತ್ತರ. ದನಕ್ಕೆಂದೇ ಮಾಡಿದ ಗಾಡಿಗಳ ಚಾವಣಿ ಆರು, ಆರೂವರೆ ಅಡಿಗೇ ಮುಗಿಯುವುದುಂಟು. ಕುದುರೆಗೆ ಏಳು ಅಡಿ ಬೇಕು. ದೊಡ್ಡ ತಳಿಯದಾದರೆ ಏಳೂವರೆ. ಹದಿನೈದು ಹ್ಯಾಂಡ್ ಎತ್ತರದ ಕ್ವಾರ್ಟರ್ ಹಾರ್ಸ್ ಎಂದರೆ ಬೆನ್ನಿಗೆ ಐದು ಅಡಿ. ಕತ್ತು ಎತ್ತಿ ಬೆದರಿದಾಗ ತಲೆ ಎಲ್ಲಿಗೆ ತಾಗುತ್ತದೆಂದು ಊಹಿಸಿ. ಅಗಲ ಆರು ಅಡಿ ಎಂಟು ಇಂಚಿಗಿಂತ ಕಮ್ಮಿಯಿದ್ದರೆ ಬೇಡ. ಎರಡು ಕುದುರೆಗೆ ಹದಿನಾರು ಅಡಿ ಉದ್ದ ಧಾರಾಳ.

ಇನ್ನು ಗೋಡೆ. ಕೆಳಗಿನ ಗಟ್ಟಿ ತಗಡು ಸುಮಾರು ನಾಲ್ಕು ಅಡಿಯವರೆಗೆ ಏರಿರಬೇಕು. ಸಂದುಗಳು ಅದಕ್ಕಿಂತ ಕೆಳಗೆ ಶುರುವಾದರೆ ಒದೆಯುವ ಕುದುರೆಯ ಗೊರಸು ಅದರೊಳಗೆ ಸಿಕ್ಕಿಕೊಂಡೀತು. ಗೊತ್ತಿರಲಿ, ದನಕ್ಕೆ ಸಾಕೆನಿಸುವ ಗಾಡಿ ಕುದುರೆಗೆ ಸಾಲದೆ ಹೋಗುವುದು ಬಹುಪಾಲು ಈ ಒಂದು ಅಳತೆಯಲ್ಲೇ.

ಹಳೆಯ ಗಾಡಿ ಕೊಳ್ಳುವವರು ನೆಲವನ್ನು ನೋಡದೆ ಬೆಲೆ ಮಾತಾಡಲೇಬಾರದು. ಹಾಸಿದ ರಬ್ಬರು ಮ್ಯಾಟನ್ನು ಎತ್ತಿಸಿ. ಮುಕ್ಕಾಲು ಇಂಚು ದಪ್ಪದ, ನಾಲ್ಕು ಅಡಿಗೆ ಆರು ಅಡಿಯ ಒಂದು ಮ್ಯಾಟು ಸುಮಾರು 45 ಕೆಜಿ ತೂಗುತ್ತದೆ. ಮಾರುವವರಿಗೆ ಅದನ್ನು ಎಳೆದು ಹೊರಹಾಕಲು ಮನಸ್ಸಿರುವುದಿಲ್ಲ. ನೀವು ಪಟ್ಟು ಬಿಡಬೇಡಿ. ಕೆಳಗಿರುವುದು ಮರದ ಹಲಗೆಯಾದರೆ ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಅಡಿಗೆ ಅಂಗಾತ ಮಲಗಿ. ಹಲಗೆಯ ನಡುಭಾಗ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ, ಅದನ್ನು ಬಿಡಿ. ಅಡ್ಡ ತೊಲೆಯ ಮೇಲೆ ಹಲಗೆ ಕೂತಿರುವ ಜಾಗದಲ್ಲಿ, ಗೋಡೆಗೆ ತಾಗುವ ತುದಿಯಲ್ಲಿ ಮೊನೆಯನ್ನು ಒತ್ತಿ ನೋಡಿ. ಗಂಜಲ ಹರಿದು ನಿಲ್ಲುವುದು ಅಲ್ಲೇ. ಒಳ್ಳೆಯ ಮರವಾದರೆ ಮೊನೆ ಠಣ್ಣೆಂದು ಹಿಂದಕ್ಕೆ ಬರುತ್ತದೆ. ಕೊಳೆತದ್ದಾದರೆ ಸದ್ದಿಲ್ಲದೆ ಒಳಗಿಳಿಯುತ್ತದೆ, ಹೊರತೆಗೆದಾಗ ತುದಿಯಲ್ಲಿ ಕಪ್ಪನೆಯ ಒದ್ದೆ ನಾರು ಅಂಟಿರುತ್ತದೆ. ಐನೂರು ಕೆಜಿಯ ಪ್ರಾಣಿ, ಗಂಟೆಗೆ ತೊಂಬತ್ತು ಕಿಲೋಮೀಟರ್ ವೇಗ, ಅಡಿಯಲ್ಲಿ ಆ ಹಲಗೆ. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಅಲ್ಯೂಮಿನಿಯಂ ನೆಲಕ್ಕೆ ತುಕ್ಕಿಲ್ಲ ನಿಜ, ಆದರೆ ಗಂಜಲ ಅದನ್ನೂ ಬಿಡದು. ಮ್ಯಾಟಿನಡಿ ನಿಂತ ಗಂಜಲ ಬಿಳಿಯ ಪುಡಿಯೆಬ್ಬಿಸಿ ಸಣ್ಣ ಸಣ್ಣ ಗುಳಿ ಕೊರೆಯುತ್ತದೆ. ಉಕ್ಕಿನ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ತಗಡು ಕೂರಿಸಿದ ಗಾಡಿಗಳಲ್ಲಿ ಎರಡು ಲೋಹಗಳು ಕೂಡುವ ಕಡೆ ಈ ಸವೆತ ಇನ್ನೂ ಜೋರು. ಹಳೆಯ ಟೈರಿನ ರಬ್ಬರು ಮತ್ತು ಪ್ಲಾಸ್ಟಿಕ್ಕನ್ನು ಕಲಸಿ ಅಚ್ಚುಹಾಕಿದ ರಂಬರ್ ಹಲಗೆಗಳು ಈಚಿನ ವರ್ಷಗಳಲ್ಲಿ ಜನಪ್ರಿಯವಾಗಿವೆ. ಕೊಳೆಯುವುದಿಲ್ಲ, ಮ್ಯಾಟೂ ಬೇಕಿಲ್ಲ. ತೂಕ ಮಾತ್ರ ಹೆಚ್ಚು. ಹೊಸ ಗಾಡಿ ಮಾಡಿಸುವವರಿಗೆ ಎಳೆಯುವ ಟ್ರಕ್ಕು ತಾಳಿಕೊಳ್ಳುವುದಾದರೆ ನನ್ನ ಮತ ರಂಬರಿಗೇ.

ಟ್ರಕ್ಕಿನ ವಿಷಯ ಬಂತು. ಟ್ರಕ್ಕಿನ ಹಿಂಬದಿಯ ಕೊಂಡಿಗೆ ಸಿಕ್ಕಿಸುವ ಬಂಪರ್ ಪುಲ್ ಸಾಕೇ, ಟ್ರಕ್ಕಿನ ತೊಟ್ಟಿಯೊಳಗೇ ಕೂರುವ ಗೂಸ್‌ನೆಕ್ ಬೇಕೇ ಎಂಬುದು ಮುಗಿಯದ ಚರ್ಚೆ. ಎರಡು ಕುದುರೆಗೆ ಬಂಪರ್ ಪುಲ್ ಸಾಕು, ಮೂರಕ್ಕೆ ಏರಿದರೆ ಗೂಸ್‌ನೆಕ್ ಸ್ಥಿರ. ಲೆಕ್ಕ ಹೀಗೆ ಹಾಕಿ: ಖಾಲಿ ಗಾಡಿ 4,000 ಪೌಂಡ್ ಎಂದಿಟ್ಟುಕೊಂಡರೆ, ಎರಡು ಕುದುರೆ 2,200, ಜೀನು, ಹುಲ್ಲು, ನೀರು ಸೇರಿ 800. ಒಟ್ಟು 7,000. ಬಂಪರ್ ಪುಲ್‌ನಲ್ಲಿ ಇದರ ಶೇಕಡಾ 10ರಿಂದ 15, ಅಂದರೆ 700ರಿಂದ 1,050 ಪೌಂಡ್ ಟ್ರಕ್ಕಿನ ಕೊಂಡಿಯ ಮೇಲೆ ಕೂರಬೇಕು. ಕಮ್ಮಿಯಾದರೆ ಗಾಡಿ ಹೆದ್ದಾರಿಯಲ್ಲಿ ಬಾಲ ಬೀಸತೊಡಗುತ್ತದೆ. ಟ್ರಕ್ಕಿನ ಜಾಹೀರಾತಿನಲ್ಲಿ ‘ಹತ್ತು ಸಾವಿರ ಪೌಂಡ್ ಎಳೆಯುತ್ತದೆ’ ಎಂದಿರುವುದನ್ನು ನಂಬಿ ಹೊರಡಬೇಡಿ. ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಪೇಲೋಡ್ ಎಷ್ಟೆಂದು ಓದಿ. ನಿಮ್ಮ ಸಂಸಾರದ ತೂಕವೂ ಕೊಂಡಿಯ ಮೇಲಿನ ಭಾರವೂ ಅದರೊಳಗೇ ಹಿಡಿಯಬೇಕು. ಎಲ್ಲ ತುಂಬಿದ ಮೇಲೆ ಒಮ್ಮೆ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿ ತೂಗಿಸಿದರೆ ಊಹೆಯ ಮಾತೇ ಇಲ್ಲ.

ಆ್ಯಕ್ಸಲ್ 7,000 ಪೌಂಡಿನದು ಎರಡಿರಲಿ, ರಬ್ಬರು ತುಂಬಿದ ಟಾರ್ಶನ್ ಮಾದರಿಯದಿರಲಿ. ಸ್ಪ್ರಿಂಗ್ ಪಟ್ಟಿಯದನ್ನು ರಿಪೇರಿ ಮಾಡುವುದು ಸುಲಭವೆಂದು ರ‍್ಯಾಂಚಿನ ಹಿರಿಯರು ವಾದಿಸುತ್ತಾರೆ. ಆದರೆ ಜಲ್ಲಿ ರಸ್ತೆಯ ಕುಲುಕಾಟ ತಿನ್ನುವುದು ಕುದುರೆಯ ಕಾಲುಗಳು. ಟೈರಿನ ಪಕ್ಕೆಯಲ್ಲಿ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ ಅದು 2019ರ ಇಪ್ಪತ್ಮೂರನೆಯ ವಾರ ಹುಟ್ಟಿದ್ದು. ಹೆಚ್ಚು ಹೊತ್ತು ನಿಂತೇ ಇರುವ ಗಾಡಿಯಲ್ಲಿ ಟೈರು ಸವೆಯುವುದಕ್ಕೆ ಮುಂಚೆ ಬಿಸಿಲಿಗೆ ಸಾಯುತ್ತದೆ. ಐದಾರು ವರ್ಷವಾಗಿದ್ದರೆ ಪಟ್ಟೆ ಎಷ್ಟೇ ಆಳವಿರಲಿ, ಬದಲಾಯಿಸಿ.

ಹೊಸದು ಮಾಡಿಸುವವರು ಐ-35 ಹಿಡಿದು ರೆಡ್ ನದಿ ದಾಟಿ ಒಕ್ಲಹೋಮಕ್ಕೆ ಹೋಗಿಬರುವುದು ಒಳ್ಳೆಯದು. ಒಕ್ಲಹೋಮ ಸಿಟಿಯಲ್ಲಿ ಫೋರ್ ಸ್ಟಾರ್, ಚಿಕಶಾದಲ್ಲಿ ಸಿಮರಾನ್ ಮತ್ತು ಹಾರ್ಟ್, ಕೋಲ್ಮನ್ನಿನಲ್ಲಿ ಸನ್‌ಡೌನರ್: ಅಮೆರಿಕದ ಕುದುರೆ ಟ್ರೇಲರ್ ಕಸುಬಿನ ಒಂದು ದೊಡ್ಡ ಪಾಲು ಈ ಒಂದು ರಾಜ್ಯದಲ್ಲಿದೆ. 1867ರಿಂದ ಮುಂದೆ ಟೆಕ್ಸಸ್‌ನ ದನದ ಹಿಂಡುಗಳು ಚಿಸಮ್ ಟ್ರೇಲ್ ಹಿಡಿದು ಕಾನ್ಸಸ್‌ನ ರೈಲಿಗೆ ನಡೆದುಹೋದದ್ದು ಇದೇ ನೆಲದ ಮೇಲೆ. ದನ ನಡೆಸುವವರ ನಾಡಲ್ಲೇ ದನದ ಗಾಡಿ ಕಟ್ಟುವವರೂ ಬೆಳೆದದ್ದು ನನಗೆ ಸಂತೋಷದ ಸಂಗತಿ.

ಬದಲಾವಣೆ ಮಾಡಿಸುವಾಗಲೇ ಜನ ಎಡವುವುದು. ಕಾಂಬೊ ಕೊಂಡ ಆರು ತಿಂಗಳಿಗೆ ಅದರೊಳಗೆ ಮೂರು ಅಡ್ಡಗೋಡೆ, ಮೇವಿನ ತೊಟ್ಟಿ, ಪೆಟ್ಟಿಗೆ, ಹಿಂಬಾಗಿಲ ಬಳಿ ಜೀನಿನ ಕಪಾಟು ಎಲ್ಲ ಬಂದಿರುತ್ತವೆ. ಸ್ಟಾಕ್ ಟ್ರೇಲರ್ ಕೊಂಡು ಕೆಟ್ಟ ಸ್ಲಾಂಟ್ ಲೋಡ್ ಮಾಡಿಕೊಂಡಂತಾಯಿತು. ಎರಡು ಕುದುರೆಗೆ ನಡುವಿನ ಗೇಟೇ ಸಾಕು, ಒಂದು ಮುಂದೆ, ಒಂದು ಹಿಂದೆ. ಮೂರನೆಯದನ್ನು ಆಗೀಗ ಒಯ್ಯಬೇಕಾದರೆ ಕಳಚಿಡಬಹುದಾದ, ಅಡಿಯಲ್ಲಿ ತೆರೆದ ಒಂದು ಅಡ್ಡಪಟ್ಟಿ ಇಟ್ಟುಕೊಳ್ಳಿ. ಉಳಿದ ಹಣವನ್ನು ಬೆಳಕು, ಗಾಳಿ, ರಬ್ಬರುಗಳಿಗೆ ಹಾಕಿ.

ಬೆಳಕು ಮೊದಲು. ಬಿಸಿಲಿನಿಂದ ಕತ್ತಲೆಗೆ ಕಾಲಿಡಲು ಪ್ರಾಣಿಗಳು ಹಿಂಜರಿಯುತ್ತವೆ, ನೆಲದ ಮೇಲಿನ ಒಂದು ನೆರಳಿನ ಗೆರೆಗೂ ನಿಂತುಬಿಡುತ್ತವೆ ಎಂಬುದನ್ನು ಕೊಲರಾಡೊದ ಪಶು ನಡವಳಿಕೆಯ ತಜ್ಞೆ ಟೆಂಪಲ್ ಗ್ರ್ಯಾಂಡಿನ್ ದನದ ದೊಡ್ಡಿಗಳಲ್ಲಿ ವರ್ಷಗಟ್ಟಲೆ ನೋಡಿ ಬರೆದಿದ್ದಾರೆ. ಕುದುರೆಯ ಕಣ್ಣೂ ಕತ್ತಲೆಗೆ ಹೊಂದಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ. ಒಳಗೋಡೆಯ ಮೇಲ್ಭಾಗಕ್ಕೆ ಬಿಳಿ ಬಣ್ಣ, ಚಾವಣಿಗೆ ಎರಡು ಎಲ್‌ಇಡಿ, ಹಿಂಬಾಗಿಲ ಮೇಲೆ ಹೊರಗೆ ಒಂದು ದೀಪ: ಹತ್ತಲೊಲ್ಲದ ಎಷ್ಟೋ ಕುದುರೆಗಳಿಗೆ ಇದೇ ಮದ್ದು. ಗಾಳಿಯ ವಿಷಯದಲ್ಲಿ ಜನ ಚಳಿಗೆ ಹೆದರಿ ಸಂದುಗಳಿಗೆಲ್ಲ ಪ್ಲೆಕ್ಸಿಗ್ಲಾಸ್ ಹಲಗೆ ಸಿಕ್ಕಿಸಿ ಮುಚ್ಚಿಬಿಡುತ್ತಾರೆ. ಗಂಜಲದ ಅಮೋನಿಯಾ ಒಳಗೇ ಉಳಿಯುತ್ತದೆ. ನಿಮ್ಮ ಕಣ್ಣು ಉರಿದರೆ ಕುದುರೆಯ ಮೂಗು ಎಷ್ಟು ಉರಿಯಬೇಡ! ಮುಂಭಾಗದ ಹಲಗೆಗಳನ್ನಷ್ಟೇ ಹಾಕಿ, ಹಿಂದಿನವು ತೆರೆದೇ ಇರಲಿ. ಚಳಿ ಹೆಚ್ಚಾದರೆ ಹೊದಿಕೆ ಹೊದಿಸಿ. ಸಂದುಗಳಿಂದ ಕಲ್ಲು, ಕಸ ಹಾರಿಬರುವುದುಂಟು, ಅದಕ್ಕೆ ಕಣ್ಣಿಗೆ ನೊಣದ ಜಾಲರಿ ಕಟ್ಟಿದರೆ ಸಾಕು.

ಆಮೇಲೆ ಗಾಡಿಯೊಳಗೆ ನಿಂತು, ಅಂಗೈಯನ್ನು ಗೋಡೆಗೊತ್ತಿ, ಕುದುರೆಯ ಕಣ್ಣಿನ ಎತ್ತರದಲ್ಲಿ ಒಂದು ಸುತ್ತು, ಪಕ್ಕೆಯ ಎತ್ತರದಲ್ಲಿ ಒಂದು ಸುತ್ತು ಬನ್ನಿ. ಬೋಲ್ಟಿನ ತುದಿ, ಗೇಟಿನ ಚಿಲಕದ ಮೂತಿ, ಬೆಸುಗೆಯ ಹನಿ, ಅಂಗೈಗೆ ಚುಚ್ಚಿದ್ದೆಲ್ಲ ಕುದುರೆಯ ಚರ್ಮವನ್ನೂ ಸೀಳುತ್ತದೆ. ಉಜ್ಜಿ ಸಮ ಮಾಡಿಸಿ, ಬೋಲ್ಟುಗಳಿಗೆ ಟೊಪ್ಪಿ ಹಾಕಿಸಿ. ಹಿಂಬಾಗಿಲ ಮೆಟ್ಟಿಲಂಚಿಗೆ ರಬ್ಬರು ಪಟ್ಟಿ ಇಲ್ಲದಿದ್ದರೆ ಅದನ್ನೂ ಕೂರಿಸಿ, ಇಳಿಯುವಾಗ ಮೊಣಕಾಲ ಕೆಳಗಿನ ಮೂಳೆ ತರಚುವುದು ಅಲ್ಲೇ. ಅಲ್ಯೂಮಿನಿಯಂ ಚೌಕಟ್ಟಿಗೆ ಮನಬಂದಂತೆ ಬೆಸುಗೆ ಬೇಡ, ಬಿಸಿಗೆ ಅದರ ಬಲ ಕುಂದುತ್ತದೆ.

ಮೂತಿಯ ಕೋಣೆಯಲ್ಲಿ ತಿರುಗಿಸಿ ಹೊರಗೆಳೆಯುವ ಜೀನಿನ ಕೈಗಳು, ಮೂಲೆಯಲ್ಲಿ 25 ಗ್ಯಾಲನ್ ನೀರಿನ ತೊಟ್ಟಿ. ಹೊಸ ಊರಿನ ನೀರಿಗೆ ಮೂಗು ತಿರುಗಿಸುವ ಕುದುರೆಗಳು ಬಹಳ, ಮನೆಯ ನೀರು ಒಯ್ಯುವುದೇ ಸರಿ. ಆದರೆ ಆ ತೊಟ್ಟಿ ತುಂಬಿದಾಗ 200 ಪೌಂಡ್ ಮೀರುತ್ತದೆ, ಅದೂ ಕೊಂಡಿಗೆ ಹತ್ತಿರವೇ. ಮೇಲಿನ ಲೆಕ್ಕದ 800ರಲ್ಲಿ ಇದೂ ಸೇರಿರಲಿ.

ದನ ಹಾಕಿದ ಮೇಲೆ ಕುದುರೆ ಹಾಕುವ ಮುನ್ನ ಮ್ಯಾಟು ತೆಗೆದು, ಸೆಗಣಿ ಪೂರ್ತಿ ತೊಳೆದು, ಕ್ರಿಮಿನಾಶಕ ಹಾಕಿ ಒಣಗಿಸಬೇಕು. ಸಂತೆಯಿಂದ ಬಂದ ಸೆಗಣಿಯಲ್ಲಿ ಸಾಲ್ಮೊನೆಲ್ಲಾ ಇರಬಹುದು, ಒದ್ದೆ ಸೆಗಣಿ ಜಾರುತ್ತದೆ ಕೂಡ.

ಕಟ್ಟುವುದರಲ್ಲಿ ಒಂದು ಕ್ರಮವನ್ನು ಎಂದಿಗೂ ತಪ್ಪಿಸಬೇಡಿ. ಹತ್ತಿಸುವಾಗ ಮೊದಲು ಗೇಟು ಹಾಕಿ, ಆಮೇಲೆ ಹಗ್ಗ ಕಟ್ಟಿ. ಇಳಿಸುವಾಗ ಮೊದಲು ಹಗ್ಗ ಬಿಚ್ಚಿ, ಆಮೇಲೆ ಗೇಟು ತೆಗೆಯಿರಿ. ಹಿಂದೆ ಬಾಗಿಲು ತೆರೆದಿದ್ದು ಮುಂದೆ ಕಟ್ಟಿಸಿಕೊಂಡ ಕುದುರೆ ಹಿಂದಕ್ಕೆ ಸರಿದು, ಹಗ್ಗ ಬಿಗಿದು, ಹೆದರಿ ಮೇಲಕ್ಕೆ ಎಗರಿತೆಂದರೆ ಚಾವಣಿ ಏಳು ಅಡಿಯಿದ್ದರೂ ತಲೆ ಉಳಿಯದು. ಎಳೆದರೆ ಹರಿಯುವ ಚರ್ಮದ ಮುಖಪಟ್ಟಿ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು, ಎರಡೂ ಇರಲಿ. ಒಂದೇ ಕುದುರೆಯಾದರೆ, ಗೇಟು ಭದ್ರವಾಗಿದ್ದರೆ, ಕಟ್ಟದೆಯೇ ಬಿಡುವುದು ನನ್ನ ಪದ್ಧತಿ. ಕಟ್ಟಿದ್ದರೆ ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ, ಹಗ್ಗ ಸಡಿಲಿಸಿ, ತಲೆ ತಗ್ಗಿಸಲು ಬಿಡಿ, ನೀರು ಕೊಡಿ. ಸಾಗಣೆಯಲ್ಲಿರುವ ಪ್ರಾಣಿಗಳಿಗೆ 28 ಗಂಟೆಯೊಳಗೆ ಇಳಿಸಿ ವಿಶ್ರಾಂತಿ ಕೊಡಬೇಕೆಂಬ ಅಮೆರಿಕದ ಕಾನೂನು 1873ರಷ್ಟು ಹಳೆಯದು. ನಮ್ಮ ಮನೆಯ ಕುದುರೆಗೆ ಆ ಅಳತೆ ಹಿಡಿಯುವುದು ಬೇಡ.

ಮೊದಲ ಪ್ರಯಾಣದಲ್ಲಿ ಐವತ್ತು ಮೈಲಿಗೆ ನಿಲ್ಲಿಸಿ ಚಕ್ರದ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೆ ಬಿಗಿಯಿರಿ, ಹೊಸ ಚಕ್ರದಲ್ಲಿ ಅವು ಸಡಿಲವಾಗುತ್ತವೆ. ಗಾಡಿ ಕಳಚಿಕೊಂಡರೆ ತಾನೇ ಬ್ರೇಕು ಹಿಡಿಸುವ ಬ್ರೇಕ್‌ಅವೇ ಬ್ಯಾಟರಿಯನ್ನು ಹೊರಡುವ ಮುನ್ನವೇ ಪರೀಕ್ಷಿಸಿರಬೇಕು. ರಾಜ್ಯದ ಗಡಿ ದಾಟುವವರು ಕಾಗಿನ್ಸ್ ರಕ್ತಪರೀಕ್ಷೆಯ ಚೀಟಿಯನ್ನೂ ಪಶುವೈದ್ಯರ ಆರೋಗ್ಯ ಪತ್ರವನ್ನೂ ಟ್ರಕ್ಕಿನಲ್ಲೊಂದು ಪ್ರತಿ, ಮೂತಿಯ ಕೋಣೆಯ ಬಾಗಿಲ ಜೇಬಿನಲ್ಲೊಂದು ಪ್ರತಿ ಇಟ್ಟುಕೊಳ್ಳಿ.