ಕಾಳು ಮುಟ್ಟದ ಕೋಳಿಗಳು

ಕಂಪ್ಯೂಟರ್ ಆಟಗಳಿಗೂ ನಮ್ಮ ಮಾಸಪತ್ರಿಕೆಯಲ್ಲಿ ವಿಮರ್ಶೆಯೇ ಎಂದು ಹಿರಿಯ ಸದಸ್ಯರು ಹುಬ್ಬೇರಿಸಬಹುದು. ನಾಟಕ, ಕಾದಂಬರಿಗಳಿಗೆ ಮೀಸಲಾದ ಪುಟಗಳಿವು ಎಂಬುದನ್ನು ನಾನೂ ಬಲ್ಲೆ. ಆದರೆ ನಮ್ಮ ಮನೆಗಳ ಹುಡುಗರು ಪ್ರಾಚೀನ ಇತಿಹಾಸವನ್ನು ಶಾಲೆಯ ಪುಸ್ತಕಕ್ಕಿಂತ ಹೆಚ್ಚಾಗಿ ಈ ಆಟಗಳಿಂದಲೇ ಕಲಿಯುತ್ತಿದ್ದಾರೆ. ಪುಲಕೇಶಿಯ ರಾಜಧಾನಿ ಯಾವುದೆಂದರೆ ತಡವರಿಸುವ ನನ್ನ ಮಗ, ಕಾರ್ಥೇಜ್ ಎಲ್ಲಿದೆಯೆಂದು ನಕಾಶೆಯಲ್ಲಿ ಥಟ್ಟನೆ ತೋರಿಸುತ್ತಾನೆ. ಹೀಗಿರುವಾಗ ಆ ಆಟಗಳು ಹಳೆಯ ಕಾಲದ ದೇವರು, ಶಕುನಗಳನ್ನು ಹೇಗೆ ಚಿತ್ರಿಸುತ್ತವೆ ಎಂದು ಕೇಳುವ ಹಕ್ಕು ತಂದೆತಾಯಿಗಳಿಗೆ ಇದ್ದೇ ಇದೆ.

2004ರಲ್ಲಿ ಬಂದ ‘ರೋಮ್: ಟೋಟಲ್ ವಾರ್’ ಎಂಬ ಆಟದಲ್ಲಿ ವಲ್ಕನ್ ದೇವರ ಗುಡಿ ಕಟ್ಟಿಸಿದರೆ ಆಯುಧಗಳ ಗುಣ ಹೆಚ್ಚುತ್ತದೆ, ಬ್ಯಾಕಸ್ಸನ ಗುಡಿ ಕಟ್ಟಿಸಿದರೆ ಪ್ರಜೆಗಳು ಸಂತೋಷಗೊಳ್ಳುತ್ತಾರೆ. ಗುಡಿಯೆಂದರೆ ಇಲ್ಲಿ ಒಂದು ಬಗೆಯ ಕಾರ್ಖಾನೆ. 2019ರಲ್ಲಿ ಸ್ವೀಡನ್ನಿನ ಪ್ಯಾರಾಡಾಕ್ಸ್ ಕಂಪನಿ ಹೊರತಂದ ‘ಇಂಪೆರೇಟರ್: ರೋಮ್’ ಇನ್ನೂ ಮುಂದೆ ಹೋಯಿತು. ಕ್ರಿ.ಪೂ. 304ರಿಂದ ಆರಂಭವಾಗುವ ಈ ಆಟದಲ್ಲಿ ಶಕುನಗಳಿಗೆಂದೇ ಒಂದು ಪಟ್ಟಿಯಿದೆ. ಆಟ ಬಿಡುಗಡೆಯಾದ ಕಾಲದಲ್ಲಿ ಆಟಗಾರನು ಧಾರ್ಮಿಕ ಅಂಕಗಳನ್ನು ಕೂಡಿಸಿಟ್ಟು, ಅವುಗಳನ್ನು ತೆತ್ತು, ತನಗೆ ಬೇಕಾದ ಶಕುನವನ್ನು ಆರಿಸಿಕೊಳ್ಳುತ್ತಿದ್ದ. ಸೇನೆಗೆ ಇಷ್ಟು, ಬೊಕ್ಕಸಕ್ಕೆ ಇಷ್ಟು ಎಂದು ಶೇಕಡಾ ಲೆಕ್ಕದಲ್ಲಿ ಫಲ ಸಿಗುತ್ತಿತ್ತು. 2020ರಲ್ಲಿ ದೇವತೆಗಳನ್ನು ಸೇರಿಸಿ ಇದನ್ನು ತಿದ್ದಿದರು. ಆದರೂ ಶಕುನವನ್ನು ಆರಿಸುವವನು ಆಟಗಾರನೇ.

ನನ್ನ ತಕರಾರು ಇರುವುದು ಇಲ್ಲಿಯೇ. ನಾವೇ ಆರಿಸಿಕೊಂಡದ್ದು ಶಕುನ ಹೇಗಾದೀತು? ‘ಬೇಡ’ ಎಂದು ಹೇಳಲಾರದ ದೇವರನ್ನು ಯಾರಾದರೂ ಕೇಳಲು ಹೋಗುತ್ತಾರೆಯೇ?

ಕ್ರಿ.ಪೂ. 413ರ ಆಗಸ್ಟ್ 27ರ ರಾತ್ರಿಯನ್ನು ನೋಡಿ. ಸಿಸಿಲಿಯ ಸಿರಾಕ್ಯೂಸಿನ ಮುಂದೆ ಸೋತು ಸುಣ್ಣವಾಗಿದ್ದ ಅಥೆನ್ಸಿನ ಸೇನೆ ಹಡಗೇರಿ ಹೊರಡುವುದರಲ್ಲಿತ್ತು. ಚಂದ್ರಗ್ರಹಣವಾಯಿತು. ಮೂರು ಒಂಬತ್ತು, ಅಂದರೆ 27 ದಿನ ಕದಲಬಾರದೆಂದು ಕಣಿ ಹೇಳುವವರು ವಿಧಿಸಿದರು. ದಂಡನಾಯಕ ನಿಕಿಯಸ್ ಒಪ್ಪಿದ, ಸೇನೆ ಸರ್ವನಾಶವಾಯಿತು. ಎಂಥ ಮೂಢ ಎಂದು ನಗುವುದು ಸುಲಭ. ಆದರೆ ಕಾಯೋಣವೆಂದು ಒತ್ತಾಯಿಸಿದವರಲ್ಲಿ ಸಾಮಾನ್ಯ ಸೈನಿಕರೇ ಬಹುಮಂದಿ ಎಂದು ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ನಿಕಿಯಸ್ಸನ ಭಯ ಹೋಗಲಾಡಿಸುತ್ತಿದ್ದ ಅನುಭವಿ ಕಣಿಗಾರ ಸ್ಟಿಲ್ಬಿಡೀಸ್ ಸ್ವಲ್ಪ ಮೊದಲೇ ತೀರಿಕೊಂಡಿದ್ದನೆಂದು ಪ್ಲುಟಾರ್ಕ್ ಹೇಳುತ್ತಾನೆ. ಗುಟ್ಟಾಗಿ ಜಾಗ ಖಾಲಿ ಮಾಡುವವರಿಗೆ ಗ್ರಹಣದ ಕತ್ತಲೆ ಒಳ್ಳೆಯ ಶಕುನವೇ ಎಂಬ ವ್ಯಾಖ್ಯಾನವೂ ಹಿಂದಿನವರಲ್ಲಿತ್ತು. ಮುಂದೆ ಕ್ರಿ.ಪೂ. 331ರ ಸೆಪ್ಟೆಂಬರಿನಲ್ಲಿ, ಗಾಗಮೆಲಾ ಕದನಕ್ಕೆ ಕೆಲವೇ ದಿನ ಮುಂಚೆ, ಅಲೆಕ್ಸಾಂಡರನ ಸೇನೆಯೂ ಚಂದ್ರಗ್ರಹಣವನ್ನು ಕಂಡಿತು. ಅವನ ಕಣಿಗಾರ ಅರಿಸ್ಟ್ಯಾಂಡರ್ ಅದನ್ನು ಗೆಲುವಿನ ಸೂಚನೆಯೆಂದ. ಚಂದ್ರನೂ ಒಂದೇ, ನೆರಳೂ ಒಂದೇ. ಓದಿದ ಬಾಯಿ ಮಾತ್ರ ಬೇರೆ. ಆಟದ ಪಟ್ಟಿಯಲ್ಲಿ ಈ ‘ಬಾಯಿ’ಗೆ ಜಾಗವಿಲ್ಲ.

ರೋಮನರ ಕೋಳಿಗಳ ಕಥೆ ಇನ್ನೂ ಸ್ವಾರಸ್ಯಕರ. ಯುದ್ಧಕ್ಕೆ ಮುನ್ನ ಪವಿತ್ರ ಕೋಳಿಗಳಿಗೆ ಕಾಳು ಹಾಕುತ್ತಿದ್ದರು. ಆತುರದಿಂದ ತಿಂದರೆ ಶುಭ. ಕ್ರಿ.ಪೂ. 249ರಲ್ಲಿ ಡ್ರೆಪಾನಾ ಬಳಿ ಕೋಳಿಗಳು ಕಾಳು ಮುಟ್ಟದಿದ್ದಾಗ, ತಿನ್ನದಿದ್ದರೆ ನೀರಾದರೂ ಕುಡಿಯಲಿ ಎಂದು ಕಾನ್ಸಲ್ ಕ್ಲಾಡಿಯಸ್ ಪುಲ್ಕರ್ ಅವನ್ನು ಸಮುದ್ರಕ್ಕೆ ಎಸೆಸಿದನಂತೆ. ಅಂದು 93 ಹಡಗುಗಳು ಶತ್ರುವಿನ ಪಾಲಾದವು. ಈ ‘ಅಂತೆ’ ಬೇಕೆಂದೇ ಹಾಕಿದ್ದು. ಸೋಲನ್ನೂ ಅವನಿಗೆ ಬಿದ್ದ ದಂಡವನ್ನೂ ವಿವರಿಸುವ ಪಾಲಿಬಿಯಸ್ ಕೋಳಿಗಳ ಸುದ್ದಿಯನ್ನೇ ಎತ್ತುವುದಿಲ್ಲ. ಶಕುನಗಳು ಎಷ್ಟೋ ಸಲ ಸೋಲಿನ ನಂತರವೇ ಹುಟ್ಟುತ್ತವೆ!

ಇದಕ್ಕಿಂತ ನನಗೆ ಮೆಚ್ಚುಗೆಯಾದದ್ದು ಲಿವಿ ಹೇಳುವ ಕ್ರಿ.ಪೂ. 293ರ ಅಕ್ವಿಲೋನಿಯಾ ಪ್ರಸಂಗ. ಸೈನಿಕರು ಯುದ್ಧಕ್ಕೆ ತವಕಿಸುತ್ತಿದ್ದರು. ಕೋಳಿಗಳು ತಿನ್ನಲಿಲ್ಲ, ಕೋಳಿ ಕಾಯುವವನು ‘ಚೆನ್ನಾಗಿ ತಿಂದವು’ ಎಂದು ಸುಳ್ಳು ವರದಿ ಕೊಟ್ಟ. ವಿಷಯ ಕಾನ್ಸಲ್ ಪಪೀರಿಯಸನ ಕಿವಿಗೂ ಬಿತ್ತು. ಅವನು ಯುದ್ಧ ನಿಲ್ಲಿಸಲಿಲ್ಲ. ತನಗೆ ಬಂದ ವರದಿ ಶುಭವಾದದ್ದು, ಸುಳ್ಳು ಹೇಳಿದವನ ಪಾಪ ಅವನ ತಲೆಗೇ ಎಂದು ಕೋಳಿ ಕಾಯುವವರನ್ನು ಮುಂಚೂಣಿಯಲ್ಲಿ ನಿಲ್ಲಿಸಿದ. ಎಲ್ಲಿಂದಲೋ ಬಂದ ಈಟಿಗೆ ಆ ಸುಳ್ಳುಗಾರ ಬಲಿಯಾದ, ರೋಮನರು ಗೆದ್ದರು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ಹೊರುವ ನನ್ನಂಥವನಿಗೆ ಈ ಕಥೆ ಬೇಗ ಅರ್ಥವಾಗುತ್ತದೆ. ದಾಖಲೆಯಲ್ಲಿ ಏನು ಬರೆದಿದೆಯೋ ಅದೇ ಸತ್ಯ. ಸಹಿ ಹಾಕಿದವನದೇ ಹೊಣೆ. ಕ್ರಿ.ಪೂ. 59ರಲ್ಲಿ ಸೀಸರನ ಜೊತೆ ಕಾನ್ಸಲ್ ಆಗಿದ್ದ ಬಿಬ್ಯುಲಸ್, ಮನೆಯೊಳಗೆ ಕುಳಿತು ‘ಆಕಾಶ ನೋಡುತ್ತಿದ್ದೇನೆ’ ಎಂದು ಪ್ರಕಟಣೆ ಕಳಿಸಿ ಸೀಸರನ ಕಾನೂನುಗಳಿಗೆ ಅಡ್ಡಗಾಲು ಹಾಕಲು ನೋಡಿದ್ದೂ ಇದೇ ಜಾತಿಯ ವಿದ್ಯೆ. ಸೀಸರ್ ಲೆಕ್ಕಿಸಲಿಲ್ಲ, ಅದು ಬೇರೆ ಮಾತು.

ಬಿ.ಎಸ್ಸಿ. ಓದಿದ ನನಗೆ ಶಕುನದಲ್ಲಿ ನಂಬಿಕೆಯಿಲ್ಲ. ಹಲ್ಲಿ ಲೊಚಗುಟ್ಟಿದಾಗ ನಮ್ಮ ತಾಯಿ ‘ಕೃಷ್ಣ ಕೃಷ್ಣ’ ಎನ್ನುತ್ತಾ ನೆಲ ತಟ್ಟಿದರೆ ನಾನು ಸುಮ್ಮನಿರುತ್ತೇನೆ, ಮಗ ನಗುತ್ತಾನೆ. ನಮ್ಮಲ್ಲಿ ಒಂಟಿ ಸೀನು ಅಪಶಕುನ. ಕ್ಸೆನೊಫನ್ ಭಾಷಣ ಮಾಡುತ್ತಿದ್ದಾಗ ಒಬ್ಬ ಸೈನಿಕ ಸೀನಿದ್ದಕ್ಕೆ ಗ್ರೀಕರೆಲ್ಲ ಶುಭವೆಂದು ದೇವರಿಗೆ ನಮಿಸಿದರು. ಇವೆಲ್ಲ ಕಾರ್ಯಕಾರಣದ ಮಾತಲ್ಲ. ವಿಚಿತ್ರವೆಂದರೆ ಈ ಆಟಗಳು ವೈಚಾರಿಕತೆಯ ಹೆಸರಿನಲ್ಲಿ ತದ್ವಿರುದ್ಧವಾದುದನ್ನೇ ಕಲಿಸುತ್ತಿವೆ. ಪೂಜೆ ಸಲ್ಲಿಸಿದರೆ ಶೇಕಡಾ ಇಷ್ಟು ಫಲ ಖಚಿತವೆಂದು ಪ್ರಾಚೀನ ರೋಮಿನ ಪುರೋಹಿತನೂ ಹೇಳಲಿಲ್ಲ. ಶಕುನ ನೋಡುವ ಅಧಿಕೃತ ಮಂಡಲಿಯ ಸದಸ್ಯನಾಗಿದ್ದ ಸಿಸೆರೋ ಕ್ರಿ.ಪೂ. 44ರಲ್ಲಿ ಕಣಿವಿದ್ಯೆಯನ್ನೇ ಖಂಡಿಸಿ ಬರೆದ. ಆದರೂ ರಾಜ್ಯದ ಹಿತಕ್ಕಾಗಿ ಆಚರಣೆ ಉಳಿಯಲೆಂದ. ಅಂಥ ಇಬ್ಬಂದಿ ಮನಸ್ಸು ನಮ್ಮ ಮನೆಮನೆಯಲ್ಲೂ ಇದೆ, ಆಟದಲ್ಲಿ ಮಾತ್ರ ಇಲ್ಲ.

ಆಟದವರಿಗೆ ಇದೇನೂ ಅಸಾಧ್ಯವಲ್ಲ. ಶಕುನದ ವರದಿ ಬರಲಿ, ತಂದವನು ಎಂಥವನೆಂಬುದು ಆಟಗಾರನಿಗೆ ಪೂರ್ತಿ ತಿಳಿಯದಿರಲಿ. ಧಿಕ್ಕರಿಸಿದರೆ ಆಕಾಶದಿಂದ ಶಿಕ್ಷೆ ಬೇಡ. ಸೈನಿಕರ ಎದೆ ಅಳುಕಲಿ, ಊರಿನಲ್ಲಿ ವೈರಿಗಳು ಮೊಕದ್ದಮೆ ಹೂಡಲಿ. ಪಾಲಿಸಿದರೆ ದಿನಗಳು ವ್ಯರ್ಥವಾಗಲಿ, ಧಾನ್ಯ ಮುಗಿಯಲಿ. ಮಗನ ಆಕ್ಷೇಪಣೆ ಎಂದರೆ, ‘ಅಪ್ಪ, ನಾನು ಹೇಳಿದ್ದನ್ನು ಸೇನೆ ಕೇಳದಿದ್ದರೆ ಅದು ಆಟವೇ ಅಲ್ಲ.’ ಈ ಮಾತನ್ನು ತಳ್ಳಿಹಾಕುವಂತಿಲ್ಲ. ದುಡ್ಡು ಕೊಟ್ಟವನಿಗೆ ಬೇಸರವಾದರೆ ಕಂಪನಿ ಮುಚ್ಚಬೇಕಾಗುತ್ತದೆ.

ಆದರೂ ಒಂದು ಉದಾಹರಣೆಯಿದೆ. 1999ರಲ್ಲಿ ಬಂದ ‘ಕಿಂಗ್ ಆಫ್ ಡ್ರ್ಯಾಗನ್ ಪಾಸ್’ ಎಂಬ ಆಟ ಪೂರ್ತಿ ಕಲ್ಪಿತ ಲೋಕದ್ದು. ಒಂದು ಕುಲದ ಏಳು ಮಂದಿ ಹಿರಿಯರು ಸಲಹೆ ಕೊಡುತ್ತಾರೆ. ಒಬ್ಬೊಬ್ಬರು ಪೂಜಿಸುವ ದೇವರು ಬೇರೆ, ಮಾತೂ ಬೇರೆ. ದೇವರ ಕಥೆಯನ್ನು ಆಚರಣೆಯಲ್ಲಿ ಮರಳಿ ನಡೆಸಬೇಕಾದಾಗ ಆಟಗಾರನಿಗೆ ಆ ಕಥೆ ಗೊತ್ತಿರಬೇಕು, ತಪ್ಪಿದರೆ ಹೋದವನು ಗಾಯಗೊಂಡು ಬರುತ್ತಾನೆ. ನಿಜವಾದ ರೋಮನ್ನು ಚಿತ್ರಿಸುವ ಆಟಗಳಿಗಿಂತ ಇಲ್ಲದ ನಾಡಿನ ಈ ಆಟದಲ್ಲಿ ಧರ್ಮ ಹೆಚ್ಚು ನಿಜವಾಗಿದೆ. ಚಿತ್ರಗಳು ಹಳೆಯ ಕಾಲದವು, ಓದುವುದು ಬಹಳ. ಮಗ ಎರಡು ಭಾನುವಾರ ಆಡಿ ಬಿಟ್ಟ. ಈಗ ರಾತ್ರಿ ಊಟವಾದ ಮೇಲೆ ಆಡುತ್ತಿರುವವನು ನಾನು.